ಡೇಟಾಬೇಸ್ ಎರರನ್ನು ಹೊಟ್ಟೆಗೆ ಹಾಕ್ಕೋಬೇಡಿ: ಒಂದು ಹಳೇ ತಪ್ಪು ಮತ್ತು ಒಂದಿಷ್ಟು ಟೂಲಿಂಗ್ ಟಿಪ್ಸ್

ಪುಣೆ, ಮುಂಬೈ, ಹೈದರಾಬಾದ್, ಚೆನ್ನೈ, ದೆಹಲಿ, ಎಲ್ಲೇ ಕೂತು ನೋಡ್ತಿದ್ರೂ ನಿಮ್ಮಲ್ಲಿ ಬಹಳ ಜನ ದಿನಾ ಯಾವುದೋ ಒಂದು ಡೇಟಾಬೇಸ್ ಜೊತೆ ಗುದ್ದಾಡೋರೇ. ಇವತ್ತಿನ ಮಾತು ಅದರ ಬಗ್ಗೆ. ಹೊಸ ಫ್ರೇಮ್‌ವರ್ಕ್ ಯಾವುದನ್ನೂ ಪರಿಚಯ ಮಾಡಿಸ್ತಿಲ್ಲ. ಎರಡೇ ವಿಷಯ. ಡೇಟಾಬೇಸ್ ಎರರ್ ಕೊಟ್ಟಾಗ ನಮ್ಮ ಕೋಡ್ ಏನು ಮಾಡಬೇಕು ಅನ್ನೋದು ಒಂದು. ಆ ಎರರ್ ಪ್ರೊಡಕ್ಷನ್‌ಗೆ ಹೋಗೋ ಮೊದಲು ನಮ್ಮ ಲ್ಯಾಪ್‌ಟಾಪಲ್ಲೇ ಸಿಕ್ಕಿಬೀಳೋ ಹಾಗೆ ಪ್ರಾಜೆಕ್ಟ್ ಹೇಗೆ ಜೋಡಿಸಿಟ್ಕೋಬೇಕು ಅನ್ನೋದು ಇನ್ನೊಂದು.

ಮೊದಲು ನನ್ನದೇ ಒಂದು ತಪ್ಪಿನ ಕಥೆ ಹೇಳ್ತೀನಿ. ಆಮೇಲೆ ಟಿಪ್ಸ್.

ಹಸಿರು ಮೆಸೇಜು

ನಾನು ಹಾಸನದ ಕಡೆಯವನು. ಪುಣೆಗೆ ಬಂದು ವಾಕಡ್‌ನಲ್ಲಿ ರೂಮ್ ಮಾಡಿಕೊಂಡು ಹಿಂಜೆವಾಡಿಗೆ ಓಡಾಡ್ತಿದ್ದ ಕಾಲ ಅದು. ನಮ್ಮ ಟೀಮಿನ ಪ್ರಾಜೆಕ್ಟ್ ಕಟ್ಟಡ ಕೆಲಸದ ಕಾರ್ಮಿಕರ ಹಾಜರಿಗೆ ಸಂಬಂಧಪಟ್ಟದ್ದು. ಸೈಟಿನ ಸೂಪರ್‌ವೈಸರ್‌ಗಳು ಹಾಜರಿ, ಓಟಿ ಎಲ್ಲಾ ಎಕ್ಸೆಲ್ ಫೈಲಲ್ಲಿ ಕಳಿಸ್ತಿದ್ರು. ನಮ್ಮ ಸಪೋರ್ಟ್‌ನ ಹುಡುಗ ಅದನ್ನ ಅಪ್‌ಲೋಡ್ ಮಾಡ್ತಿದ್ದ. ಅದರ ಮೇಲೆ ಕೂಲಿ ಲೆಕ್ಕ ಆಗಿ ಬಟವಾಡೆ ಆಗ್ತಿತ್ತು. ಹುಡುಗ ಬಾಗಲಕೋಟೆ ಕಡೆಯವನು, ಸೇರಿ ಆರು ತಿಂಗಳೂ ಆಗಿರಲಿಲ್ಲ, ಇನ್ನೂ ಪ್ರೊಬೇಷನ್.

ಒಂದು ಶನಿವಾರ ಬಟವಾಡೆಯಲ್ಲಿ ಒಂದು ಸೈಟಿನ 37 ಜನಕ್ಕೆ ಓಟಿ ಹಣವೇ ಬರಲಿಲ್ಲ. ಸೋಮವಾರ ಬೆಳಿಗ್ಗೆ ಕಾಲ್. ಸೂಪರ್‌ವೈಸರ್ ‘ಫೈಲ್ ಕಳಿಸಿದ್ದೀನಿ’ ಅಂತಾನೆ. ಹುಡುಗ ‘ಅಪ್‌ಲೋಡ್ ಮಾಡೇನ್ರಿ ಸರ, ಸೇವ್ ಆಯ್ತಂತ ಹಸಿರು ಮೆಸೇಜ್ ಬಂದಿತ್ರಿ’ ಅಂತಾನೆ. ಮ್ಯಾನೇಜರ್ ನನ್ನನ್ನ ಕೇಳಿದರು, ಸಿಸ್ಟಮ್‌ನಲ್ಲಿ ಏನಾದರೂ ತೊಂದರೆ ಇತ್ತಾ ಅಂತ. ನಾನು ಲಾಗ್ ತೆಗೆದು ನೋಡಿದೆ. ಒಂದು ಎರರೂ ಇಲ್ಲ. ‘ಲಾಗ್ ಕ್ಲೀನ್ ಇದೆ, ನಮ್ಮ ಕಡೆಯಿಂದ ಏನೂ ಇಲ್ಲ’ ಅಂದೆ. ಅಲ್ಲಿಗೆ ಮುಗೀತು. ಹುಡುಗ ಅಪ್‌ಲೋಡ್ ಮಾಡೋದು ಮರೆತು ಈಗ ಸುಳ್ಳು ಹೇಳ್ತಿದ್ದಾನೆ ಅಂತ ಎಲ್ಲರೂ ತೀರ್ಮಾನ ಮಾಡಿಬಿಟ್ರು.

ಅವನು ಜಗಳ ಆಡಲಿಲ್ಲ. ಸಂಜೆ ನನ್ನ ಡೆಸ್ಕ್ ಹತ್ರ ಬಂದು ಮೊಬೈಲ್ ತೋರಿಸಿದ. ‘ಸರ, ನಾ ದಿನಾ ಸ್ಕ್ರೀನ್‌ಶಾಟ್ ತಕ್ಕೊಂಡ್ ಇಡ್ತೀನ್ರಿ’ ಅಂದ. ಹಸಿರು ಮೆಸೇಜು, ತಾರೀಕು, ಸಮಯ, ಫೈಲ್ ಹೆಸರು, ಎಲ್ಲಾ ಇತ್ತು.

ಆಗ ನನಗೆ ಹೊಟ್ಟೆಯಲ್ಲಿ ತಣ್ಣಗಾಯ್ತು. ಯಾಕಂದ್ರೆ ಆ ಹಸಿರು ಮೆಸೇಜ್ ಬರೆದವನು ನಾನು.

ಡಿಬಿಎ ಮೇಡಂ ಹತ್ರ ಪೋಸ್ಟ್‌ಗ್ರೆಸ್ ಸರ್ವರ್‌ನ ಲಾಗ್ ಕೇಳಿದೆ. ನಾನು ಬೆಳಿಗ್ಗೆ ನೋಡಿದ್ದು ನಮ್ಮ ಅಪ್ಲಿಕೇಶನ್ ಲಾಗ್, ಇದು ಡೇಟಾಬೇಸ್ ತಾನೇ ಬರೆದಿಟ್ಟುಕೊಳ್ಳೋ ಲಾಗ್. ಸ್ಕ್ರೀನ್‌ಶಾಟಲ್ಲಿದ್ದ ಅದೇ ನಿಮಿಷಕ್ಕೆ ಒಂದು ಸಾಲು ಇತ್ತು: ಡೂಪ್ಲಿಕೇಟ್ ಕೀ, ಯೂನಿಕ್ ಕನ್‌ಸ್ಟ್ರೇಂಟ್ ಮುರಿದಿದೆ.

ನಡೆದದ್ದು ಇಷ್ಟು. ನನ್ನ ಕೋಡ್ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಮೊದಲು ಹಾಜರಿ ಸಾಲುಗಳನ್ನ ಹಾಕ್ತಿತ್ತು, ಕೊನೆಗೆ ಆಡಿಟ್ ಟೇಬಲ್‌ಗೆ ‘ಇಂಥ ಫೈಲ್ ಅಪ್‌ಲೋಡ್ ಆಯ್ತು’ ಅಂತ ಒಂದು ಸಾಲು ಬರೀತಿತ್ತು. ಆಡಿಟ್ ಬರೆಯೋಕೆ ಆಗಲಿಲ್ಲ ಅಂತ ಮುಖ್ಯ ಕೆಲಸ ನಿಲ್ಲೋದು ಬೇಡ ಅನ್ನೋ ಒಳ್ಳೇ ಯೋಚನೆಯಿಂದ ಆ ಕೊನೇ ಸಾಲಿಗೆ ಮಾತ್ರ ಪೈಥಾನ್‌ನ ‘ಟ್ರೈ’ ಹಾಕಿ, ಕೆಳಗೆ ‘ಎಕ್ಸೆಪ್ಟ್’, ಅದರ ಕೆಳಗೆ ‘ಪಾಸ್’ ಅಂತ ಬರೆದಿದ್ದೆ. ಆಡಿಟ್ ಟೇಬಲ್‌ನಲ್ಲಿ ಫೈಲ್ ಹೆಸರು ಯೂನಿಕ್. ಆ ತಿಂಗಳು ಸೂಪರ್‌ವೈಸರ್ ಹಿಂದಿನ ತಿಂಗಳ ಫೈಲನ್ನೇ ತಿದ್ದಿ, ಅದೇ ಹೆಸರಲ್ಲಿ ಕಳಿಸಿದ್ದ. ಆಡಿಟ್ ಸಾಲು ಫೇಲ್ ಆಯ್ತು. ನನ್ನ ‘ಪಾಸ್’ ಅದನ್ನ ನುಂಗಿತು.

ಪೋಸ್ಟ್‌ಗ್ರೆಸ್‌ನಲ್ಲಿ ಟ್ರಾನ್ಸಾಕ್ಷನ್ ಒಳಗೆ ಒಂದು ಸ್ಟೇಟ್‌ಮೆಂಟ್ ಫೇಲ್ ಆದರೆ ಇಡೀ ಟ್ರಾನ್ಸಾಕ್ಷನ್ ಕೆಟ್ಟ ಹಾಗೆ. ಆಮೇಲೆ ನೀವು ಕಮಿಟ್ ಕಳಿಸಿದ್ರೆ ಅದು ಎರರ್ ಕೊಡಲ್ಲ. ಸುಮ್ಮನೆ ರೋಲ್‌ಬ್ಯಾಕ್ ಮಾಡಿ, ‘ರೋಲ್‌ಬ್ಯಾಕ್’ ಅಂತ ಉತ್ತರ ಕಳಿಸುತ್ತೆ. ಈಗಿನ ಕೆಲವು ಡ್ರೈವರ್‌ಗಳು ಇದನ್ನ ಗಮನಿಸಿ ಎಕ್ಸೆಪ್ಶನ್ ಎಸೀತವೆ. ನಾವು ಬಳಸ್ತಿದ್ದ ಡ್ರೈವರ್ ಎಸೀತಿರಲಿಲ್ಲ. ಹಾಗಾಗಿ 37 ಜನರ ಓಟಿ ಸಾಲು ಮಾಯ, ಸ್ಕ್ರೀನ್ ಮೇಲೆ ಹಸಿರು ಮೆಸೇಜು, ನಮ್ಮ ಲಾಗ್ ಕ್ಲೀನ್. ಲಾಗ್ ಕ್ಲೀನ್ ಇರೋ ಹಾಗೆ ನೋಡಿಕೊಂಡವನು ನಾನೇ.

ನಮ್ಮ ಕಡೆ ದೊಡ್ಡವರು ‘ಏನೋ ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ’ ಅಂತಾರೆ. ಮನುಷ್ಯರ ವಿಷಯದಲ್ಲಿ ದೊಡ್ಡ ಗುಣ ಅದು. ಡೇಟಾಬೇಸ್ ಎರರ್ ವಿಷಯದಲ್ಲಿ ಹೊಟ್ಟೆಗೆ ಹಾಕ್ಕೊಂಡ್ರೆ ಆ ತಪ್ಪು ಎಲ್ಲೂ ಹೋಗಲ್ಲ. ಬೇರೆ ಯಾರದ್ದೋ ತಲೆ ಮೇಲೆ ಹೋಗಿ ಕೂರುತ್ತೆ. ಇವತ್ತು ಹೇಳೋ ಟಿಪ್ಸ್ ಎಲ್ಲಾ ಇದರಿಂದಲೇ ಹುಟ್ಟಿದ್ದು.

ಎರರ್‌ಗಳಿಗೆ ಮೂರು ಡಬ್ಬಿ

ಎಲ್ಲಾ ಎರರನ್ನೂ ಒಂದೇ ‘ಕ್ಯಾಚ್’ನಲ್ಲಿ ಹಿಡಿದು ‘ಸಮ್‌ಥಿಂಗ್ ವೆಂಟ್ ರಾಂಗ್’ ಅಂತ ತೋರಿಸೋದು ನಮ್ಮೆಲ್ಲರ ಅಭ್ಯಾಸ. ಅದರ ಬದಲು ಎರರ್ ಬಂದ ಕೂಡಲೇ ಒಂದು ಪ್ರಶ್ನೆ ಕೇಳ್ಕೊಳ್ಳಿ: ಇದನ್ನ ಯಾರು ಸರಿಮಾಡಬೇಕು?

ಉತ್ತರ ಮೂರೇ. ಬಳಕೆದಾರ ಸರಿಮಾಡಬೇಕು. ಅಥವಾ ಸ್ವಲ್ಪ ಕಾದು ಮತ್ತೆ ಪ್ರಯತ್ನಿಸಿದರೆ ತಾನೇ ಸರಿಹೋಗುತ್ತೆ. ಅಥವಾ ಡೆವಲಪರ್ ಸರಿಮಾಡಬೇಕು.

ಇದನ್ನ ಗುರುತಿಸೋಕೆ ಎರರ್‌ನ ಇಂಗ್ಲಿಷ್ ವಾಕ್ಯವನ್ನ ಓದಿ ಅದರಲ್ಲಿ ‘ಡೂಪ್ಲಿಕೇಟ್’ ಅನ್ನೋ ಪದ ಹುಡುಕಬೇಡಿ. ವರ್ಷನ್ ಬದಲಾದ್ರೆ, ಸರ್ವರ್‌ನ ಭಾಷೆ ಬದಲಾದ್ರೆ ವಾಕ್ಯ ಬದಲಾಗಬಹುದು. ಕೋಡ್ ನೋಡಿ. ಪೋಸ್ಟ್‌ಗ್ರೆಸ್ ಪ್ರತಿ ಎರರ್‌ಗೂ ಐದು ಅಕ್ಷರದ ಒಂದು ಎಸ್‌ಕ್ಯೂಎಲ್ ಸ್ಟೇಟ್ ಕೊಡುತ್ತೆ. ಮೊದಲ ಎರಡು ಅಕ್ಷರ ಅದರ ವರ್ಗ, ನಮ್ಮ ಪಿನ್‌ಕೋಡ್‌ನ ಮೊದಲ ಅಂಕಿಗಳು ಊರಿನ ದಿಕ್ಕು ಹೇಳೋ ಹಾಗೆ.

23ರಿಂದ ಶುರುವಾದ್ರೆ ಕನ್‌ಸ್ಟ್ರೇಂಟ್ ಮುರಿದಿದೆ. 23505 ಅಂದ್ರೆ ಯೂನಿಕ್, 23503 ಅಂದ್ರೆ ಫಾರಿನ್ ಕೀ, 23502 ಅಂದ್ರೆ ನಲ್ ಇರಬಾರದ ಕಡೆ ನಲ್. ಇದರಲ್ಲಿ ಯೂನಿಕ್ ಹೆಚ್ಚಾಗಿ ಮೊದಲನೇ ಡಬ್ಬಿಗೆ ಹೋಗುತ್ತೆ. ‘ಈ ಮೊಬೈಲ್ ನಂಬರ್ ಆಗಲೇ ನೋಂದಣಿ ಆಗಿದೆ’ ಅಂತ ಬಳಕೆದಾರರಿಗೆ ಸ್ಪಷ್ಟವಾಗಿ ಹೇಳಿ. 40001 ಮತ್ತು 40ಪಿ01 ಎರಡನೇ ಡಬ್ಬಿ: ಮೊದಲನೆಯದು ಸೀರಿಯಲೈಸೇಶನ್ ಫೇಲ್ಯೂರ್, ಇನ್ನೊಂದು ಡೆಡ್‌ಲಾಕ್. 08ರಿಂದ ಶುರುವಾಗೋದು ಕನೆಕ್ಷನ್ ತೊಂದರೆ, ಅದೂ ಬಹುತೇಕ ಅಲ್ಲಿಗೇ. 42ರಿಂದ ಶುರುವಾದ್ರೆ ಟೇಬಲ್ ಇಲ್ಲ, ಕಾಲಮ್ ಇಲ್ಲ, ಸಿಂಟ್ಯಾಕ್ಸ್ ತಪ್ಪು, ಪರ್ಮಿಶನ್ ಇಲ್ಲ. ಇದು ಮೂರನೇ ಡಬ್ಬಿ. ಸಾವಿರ ಸಲ ಪ್ರಯತ್ನಿಸಿದರೂ ಇಲ್ಲದ ಕಾಲಮ್ ಹುಟ್ಟಲ್ಲ. ನಿಲ್ಲಿಸಿ, ಅಲರ್ಟ್ ಕಳಿಸಿ.

ಮೈಎಸ್‌ಕ್ಯೂಎಲ್‌ನಲ್ಲಾದರೆ 1062 ಡೂಪ್ಲಿಕೇಟ್, 1213 ಡೆಡ್‌ಲಾಕ್, 1205 ಲಾಕ್‌ಗಾಗಿ ಕಾದು ಕಾದು ಟೈಮ್‌ಔಟ್. ಇಲ್ಲಿ ಒಂದು ಗುಂಡಿ ಇದೆ, ನೋಡಿಕೊಂಡು ಹೆಜ್ಜೆ ಇಡಿ. 1213 ಬಂದಾಗ ಇನ್ನೋಡಿಬಿ ಇಡೀ ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಮಾಡುತ್ತೆ. 1205 ಬಂದಾಗ ಡೀಫಾಲ್ಟ್ ಆಗಿ ಕೊನೇ ಸ್ಟೇಟ್‌ಮೆಂಟ್ ಮಾತ್ರ ರೋಲ್‌ಬ್ಯಾಕ್, ಟ್ರಾನ್ಸಾಕ್ಷನ್ ಇನ್ನೂ ತೆರೆದೇ ಇರುತ್ತೆ. ನೀವು ಆ ಎರರ್ ನುಂಗಿ ಕಮಿಟ್ ಮಾಡಿದ್ರೆ ಅರ್ಧ ಕೆಲಸ ಸೇವ್ ಆಗುತ್ತೆ. ಅದಕ್ಕೇ ಎರಡಕ್ಕೂ ಒಂದೇ ನಿಯಮ ಇಟ್ಕೊಳ್ಳಿ: ನಾವೇ ಸ್ಪಷ್ಟವಾಗಿ ರೋಲ್‌ಬ್ಯಾಕ್ ಮಾಡಿ, ಮೊದಲಿಂದ ಶುರು ಮಾಡೋದು.

ಕನ್‌ಸ್ಟ್ರೇಂಟ್‌ಗಳಿಗೆ ನೀವೇ ಹೆಸರಿಡಿ. ಎರರ್ ಜೊತೆಗೆ ಯಾವ ಕನ್‌ಸ್ಟ್ರೇಂಟ್ ಮುರಿಯಿತು ಅನ್ನೋ ಹೆಸರೂ ಬರುತ್ತೆ. ಹೆಸರು ಅರ್ಥವಾಗೋ ಹಾಗಿದ್ರೆ, ಯಾವ ಹೆಸರಿಗೆ ಯಾವ ಮೆಸೇಜ್ ಅಂತ ಒಂದು ಚಿಕ್ಕ ಪಟ್ಟಿ ಮಾಡಿಟ್ಟರೆ ಸಾಕು. ಆದರೆ ಎರರ್‌ನ ‘ಡೀಟೇಲ್’ ಭಾಗವನ್ನ ಹಾಗೇ ಸ್ಕ್ರೀನ್‌ಗೂ ಲಾಗ್‌ಗೂ ಸುರೀಬೇಡಿ. ಪೋಸ್ಟ್‌ಗ್ರೆಸ್ ಅದರಲ್ಲಿ ನಿಜವಾದ ಬೆಲೆಯನ್ನೇ ಬರೆದಿರುತ್ತೆ, ಅಂದ್ರೆ ಯಾರದ್ದೋ ಮೊಬೈಲ್ ನಂಬರ್, ಇಮೇಲ್.

ಇನ್ನೊಂದು ಮಾತು. ‘ಮೊದಲು ಸೆಲೆಕ್ಟ್ ಮಾಡಿ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಆಮೇಲೆ ಇನ್ಸರ್ಟ್ ಮಾಡ್ತೀವಿ, ಯೂನಿಕ್ ಯಾಕೆ’ ಅಂತ ಕೆಲವರು ಕೇಳ್ತಾರೆ. ಎರಡು ರಿಕ್ವೆಸ್ಟ್ ಒಟ್ಟಿಗೆ ಬಂದ್ರೆ ಎರಡಕ್ಕೂ ‘ಇಲ್ಲ’ ಅಂತಲೇ ಉತ್ತರ ಬರುತ್ತೆ, ಎರಡೂ ಇನ್ಸರ್ಟ್ ಆಗುತ್ತೆ. ತಡೆಯೋದು ಯೂನಿಕ್ ಕನ್‌ಸ್ಟ್ರೇಂಟ್ ಮಾತ್ರ. ಅದು ಕೊಡೋ ಎರರ್ ತೊಂದರೆ ಅಲ್ಲ. ಗೇಟಿನ ಸೆಕ್ಯೂರಿಟಿಯವನು ತನ್ನ ಕೆಲಸ ಮಾಡಿದ್ದಾನೆ ಅಷ್ಟೇ.

ಮತ್ತೆ ಪ್ರಯತ್ನಿಸೋ ಮೊದಲು

ರಿಟ್ರೈ ಅಂದ್ರೆ ಫೇಲ್ ಆದ ಒಂದು ಸಾಲನ್ನ ಮತ್ತೆ ಓಡಿಸೋದಲ್ಲ. ಇಡೀ ಟ್ರಾನ್ಸಾಕ್ಷನ್ ಮತ್ತೆ ಓಡಿಸಬೇಕು, ಡೇಟಾ ಓದಿದ್ದರಿಂದ ಹಿಡಿದು. ಮೊದಲ ಸಲ ಓದಿದ ಬ್ಯಾಲೆನ್ಸ್ ಈಗ ಬದಲಾಗಿರಬಹುದು. ಮೂರು ಸಲ ಸಾಕು. ಮಧ್ಯೆ 100, 200, 400 ಮಿಲಿಸೆಕೆಂಡ್ ಹೀಗೆ ಹೆಚ್ಚಿಸ್ತಾ ಕಾಯಿರಿ, ಅದಕ್ಕೆ ಸ್ವಲ್ಪ ರ‍್ಯಾಂಡಮ್ ಸೇರಿಸಿ. ಇಲ್ಲಾಂದ್ರೆ ಡಿಕ್ಕಿ ಹೊಡೆದ ಇಬ್ಬರೂ ಒಂದೇ ಸಮಯಕ್ಕೆ ಎದ್ದು ಮತ್ತೆ ಡಿಕ್ಕಿ ಹೊಡೀತಾರೆ.

ರಿಟ್ರೈ ಆಗೋ ಭಾಗದ ಒಳಗೆ ಎಸ್ಎಂಎಸ್, ಇಮೇಲ್, ಪೇಮೆಂಟ್ ಕರೆ ಇಡಬೇಡಿ. ಮೂರು ಸಲ ರಿಟ್ರೈ ಆದ್ರೆ ಮೂರು ಎಸ್ಎಂಎಸ್ ಹೋಗುತ್ತೆ. ಕಮಿಟ್ ಆದ ಮೇಲೆ ಕಳಿಸಿ. ಅಥವಾ ‘ಕಳಿಸಬೇಕು’ ಅಂತ ಒಂದು ಟೇಬಲ್‌ನಲ್ಲಿ ಅದೇ ಟ್ರಾನ್ಸಾಕ್ಷನ್‌ನಲ್ಲೇ ಬರೆದಿಟ್ಟು, ಬೇರೆ ಜಾಬ್ ಅದನ್ನ ನೋಡಿ ಕಳಿಸಲಿ.

ಕನೆಕ್ಷನ್ ಎರರ್‌ನಲ್ಲಿ ಒಂದು ಕಷ್ಟದ ಕೇಸ್ ಇದೆ. ಕಮಿಟ್ ಕಳಿಸಿದ್ರಿ, ಉತ್ತರ ಬರೋ ಮೊದಲೇ ನೆಟ್‌ವರ್ಕ್ ಹೋಯ್ತು. ಕಮಿಟ್ ಆಯ್ತೋ ಇಲ್ವೋ? ನಿಮಗೆ ಗೊತ್ತಿಲ್ಲ. ರಿಟ್ರೈ ಮಾಡಿದ್ರೆ ಎರಡು ಸಲ ಆಗಬಹುದು, ಬಿಟ್ರೆ ಆಗದೇ ಇರಬಹುದು. ಊರಿಗೆ ಹಣ ಕಳಿಸುವಾಗ ಯುಪಿಐ ಚಕ್ರ ತಿರುಗ್ತಾ ನಿಂತರೆ ನಮಗೆ ಆಗೋ ಸಂಕಟ ಇದೇ. ಇದಕ್ಕೆ ಪರಿಹಾರ ಒಂದು ಗುರುತಿನ ನಂಬರ್. ಪ್ರತಿ ರಿಕ್ವೆಸ್ಟ್‌ಗೂ ಕ್ಲೈಂಟ್ ಕಡೆಯಿಂದಲೇ ಒಂದು ಐಡಿ ಬರಲಿ, ಆ ಐಡಿ ಟೇಬಲ್‌ನಲ್ಲಿ ಯೂನಿಕ್ ಆಗಿರಲಿ, ಇನ್ಸರ್ಟ್‌ಗೆ ‘ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್’ ಹಾಕಿ. ಆಮೇಲೆ ಎಷ್ಟು ಸಾಲು ಸೇರಿತು ಅಂತ ನೋಡಿ. ಸೊನ್ನೆ ಬಂದ್ರೆ ಹಿಂದಿನ ಪ್ರಯತ್ನವೇ ಯಶಸ್ವಿ ಆಗಿತ್ತು ಅಂತ ಅರ್ಥ, ಅದರ ಫಲಿತಾಂಶವನ್ನೇ ವಾಪಸ್ ಕೊಡಿ. ಧೈರ್ಯವಾಗಿ ರಿಟ್ರೈ ಮಾಡಬಹುದು.

ಇನ್ನು ನನ್ನ ಆಡಿಟ್ ಕೇಸ್. ಆಡಿಟ್ ಫೇಲ್ ಆದ್ರೂ ಹಾಜರಿ ಉಳೀಬೇಕು ಅನ್ನೋದು ನಿಜವಾದ ಅವಶ್ಯಕತೆ ಆಗಿದ್ರೆ, ಅದಕ್ಕೆ ಸರಿಯಾದ ದಾರಿ ಸೇವ್‌ಪಾಯಿಂಟ್. ಆಡಿಟ್ ಬರೆಯೋ ಮೊದಲು ಸೇವ್‌ಪಾಯಿಂಟ್ ಹಾಕಿ. ಫೇಲ್ ಆದ್ರೆ ಅಲ್ಲಿಯವರೆಗೆ ಮಾತ್ರ ರೋಲ್‌ಬ್ಯಾಕ್ ಮಾಡಿ, ಎರರನ್ನ ಲಾಗ್ ಮಾಡಿ, ಮುಂದೆ ಹೋಗಿ. ಆಗ ಕಮಿಟ್ ನಿಜವಾದ ಕಮಿಟ್. ಮತ್ತೆ ಹಸಿರು ಮೆಸೇಜ್ ತೋರಿಸೋದು ಕಮಿಟ್ ಆದ ಮೇಲೆ, ಅದೂ ಸಂಖ್ಯೆ ಸಮೇತ. ‘ಫೈಲ್‌ನಲ್ಲಿ 37 ಸಾಲು, ಡೇಟಾಬೇಸ್‌ನಲ್ಲಿ 37 ಸಾಲು’ ಅಂತ ಕಮಿಟ್ ನಂತರ ಎಣಿಸಿ ಹೇಳಿದ್ರೆ ಅದು ಮೆಸೇಜು. ಬರೀ ‘ಸೇವ್ ಆಯ್ತು’ ಅನ್ನೋದು ನಮ್ಮ ಆಸೆ.

ನಿಮ್ಮ ಲಾಗ್‌ನಲ್ಲಿ ‘ಟ್ರಾನ್ಸಾಕ್ಷನ್ ಅಬಾರ್ಟ್ ಆಗಿದೆ, ಮುಂದಿನ ಕಮಾಂಡ್‌ಗಳನ್ನ ಪರಿಗಣಿಸಲ್ಲ’ ಅನ್ನೋ ಅರ್ಥದ ಪೋಸ್ಟ್‌ಗ್ರೆಸ್ ಎರರ್ ಕಂಡ್ರೆ ಅದನ್ನ ಗೂಗಲ್ ಮಾಡ್ತಾ ಕೂರಬೇಡಿ. ಅದು ಹೊಗೆ. ಬೆಂಕಿ ಅದಕ್ಕಿಂತ ಮೇಲೆ ಎಲ್ಲೋ ಇದೆ, ಆ ಟ್ರಾನ್ಸಾಕ್ಷನ್‌ನ ಮೊದಲ ಎರರ್ ಹುಡುಕಿ. ಮೊದಲನೆಯದು ಲಾಗ್‌ನಲ್ಲಿ ಇಲ್ಲ ಅಂದ್ರೆ ನಿಮ್ಮಲ್ಲೂ ಯಾರೋ ನುಂಗಿದ್ದಾರೆ.

ಕಾಯೋದಕ್ಕೂ ಒಂದು ಮಿತಿ

ಪೋಸ್ಟ್‌ಗ್ರೆಸ್‌ನಲ್ಲಿ ಸ್ಟೇಟ್‌ಮೆಂಟ್ ಟೈಮ್‌ಔಟ್, ಲಾಕ್ ಟೈಮ್‌ಔಟ್ ಎರಡೂ ಡೀಫಾಲ್ಟ್ ಆಗಿ ಸೊನ್ನೆ. ಸೊನ್ನೆ ಅಂದ್ರೆ ಮಿತಿಯೇ ಇಲ್ಲ, ಎಷ್ಟು ಹೊತ್ತಾದ್ರೂ ಕಾಯುತ್ತೆ. ಮೈಎಸ್‌ಕ್ಯೂಎಲ್ ಇನ್ನೋಡಿಬಿಯಲ್ಲಿ ಲಾಕ್‌ಗಾಗಿ ಕಾಯೋದು ಡೀಫಾಲ್ಟ್ 50 ಸೆಕೆಂಡ್. ವೆಬ್ ರಿಕ್ವೆಸ್ಟ್‌ಗೆ ಇವೆರಡೂ ಸರಿಹೋಗಲ್ಲ, ಬಳಕೆದಾರ ಅಷ್ಟರಲ್ಲಿ ನಾಲ್ಕು ಸಲ ರಿಫ್ರೆಶ್ ಒತ್ತಿರ್ತಾನೆ. ನಿಮ್ಮ ಅಪ್ಲಿಕೇಶನ್‌ನ ಡೇಟಾಬೇಸ್ ಯೂಸರ್‌ಗೆ ಕೆಲವೇ ಸೆಕೆಂಡ್‌ಗಳ ಮಿತಿ ಹಾಕಿಡಿ. ರಿಪೋರ್ಟ್‌ಗೆ ಬೇರೆ ಯೂಸರ್, ಬೇರೆ ಮಿತಿ.

ಕನೆಕ್ಷನ್ ಪೂಲ್ ಲೆಕ್ಕವನ್ನೂ ಒಂದು ಸಲ ಹಾಕಿ. ಪೋಸ್ಟ್‌ಗ್ರೆಸ್‌ನ ಸಾಮಾನ್ಯ ಡೀಫಾಲ್ಟ್ 100 ಕನೆಕ್ಷನ್. ನಿಮ್ಮ ಸರ್ವೀಸ್‌ನ 8 ಪ್ರತಿಗಳು ಓಡ್ತಿದ್ದು, ಒಂದೊಂದಕ್ಕೂ ಪೂಲ್ 20 ಅಂತಿದ್ರೆ 160 ಆಯ್ತು. ಸಾಮಾನ್ಯ ದಿನ ಎಲ್ಲಾ ಚೆನ್ನಾಗಿ ನಡೆಯುತ್ತೆ. ಸಂಬಳದ ದಿನ ಟ್ರಾಫಿಕ್ ಬಂದಾಗ ‘ಟೂ ಮೆನಿ ಕನೆಕ್ಷನ್ಸ್’ ಬರುತ್ತೆ, ಗಾಬರಿಯಲ್ಲಿ ಪ್ರತಿಗಳನ್ನ 12 ಮಾಡ್ತೀರಿ, ಇನ್ನೂ ಕೆಡುತ್ತೆ. ಈ ಗುಣಾಕಾರ ಮೂರನೇ ಕ್ಲಾಸಿನದ್ದು, ಆದರೆ ಡಿಪ್ಲಾಯ್ ದಿನ ಯಾರೂ ಮಾಡಲ್ಲ.

‘ನನ್ನ ಲ್ಯಾಪ್‌ಟಾಪಲ್ಲಿ ಸರಿ ಇತ್ತು’

ಈಗ ಟೂಲಿಂಗ್‌ಗೆ ಬರೋಣ. ಆ ರಾತ್ರಿ ನಾನು ಮನೆಯಲ್ಲಿ ಅದೇ ಫೈಲನ್ನ ಅದೇ ಹೆಸರಲ್ಲಿ ಎರಡು ಸಲ ಅಪ್‌ಲೋಡ್ ಮಾಡಿ ನೋಡಿದೆ. ನನ್ನ ಲ್ಯಾಪ್‌ಟಾಪಲ್ಲಿ ಎರಡನೇ ಸಲವೂ ಎಲ್ಲಾ ಸಾಲು ಸೇವ್ ಆಯ್ತು! ಅರ್ಧ ಗಂಟೆ ತಲೆ ಕೆಡಿಸ್ಕೊಂಡೆ. ಆಮೇಲೆ ಹೊಳೀತು. ಪ್ರೊಡಕ್ಷನ್‌ನಲ್ಲಿ ಪೋಸ್ಟ್‌ಗ್ರೆಸ್, ನನ್ನ ಲ್ಯಾಪ್‌ಟಾಪಲ್ಲಿ ಎಸ್‌ಕ್ಯೂಲೈಟ್. ಹಗುರ, ಇನ್‌ಸ್ಟಾಲ್ ಮಾಡೋ ರಗಳೆ ಇಲ್ಲ ಅಂತ ಅದನ್ನ ಇಟ್ಕೊಂಡಿದ್ದೆ. ಎಸ್‌ಕ್ಯೂಲೈಟ್‌ನಲ್ಲಿ ಯೂನಿಕ್ ಮುರಿದ್ರೆ ಡೀಫಾಲ್ಟ್ ಆಗಿ ಆ ಸ್ಟೇಟ್‌ಮೆಂಟ್ ಮಾತ್ರ ಹೋಗುತ್ತೆ, ಟ್ರಾನ್ಸಾಕ್ಷನ್ ಬದುಕಿರುತ್ತೆ. ಇದರಲ್ಲಿ ಎಸ್‌ಕ್ಯೂಲೈಟ್ ತಪ್ಪೇನೂ ಇಲ್ಲ, ಅದರ ನಿಯಮವೇ ಬೇರೆ. ಅದರಲ್ಲಿ ಫಾರಿನ್ ಕೀ ಪರೀಕ್ಷೆಯೂ ಡೀಫಾಲ್ಟ್ ಆಗಿ ಆಫ್, ಪ್ರತಿ ಕನೆಕ್ಷನ್‌ನಲ್ಲೂ ನಾವೇ ಆನ್ ಮಾಡಬೇಕು. ನಾನು ತಿಂಗಳುಗಟ್ಟಲೆ ಒಂದು ಡೇಟಾಬೇಸ್‌ನಲ್ಲಿ ಪರೀಕ್ಷೆ ಮಾಡಿ ಇನ್ನೊಂದರಲ್ಲಿ ಓಡಿಸ್ತಿದ್ದೆ.

ಅದಕ್ಕೇ ಮೊದಲ ಟಿಪ್: ಲ್ಯಾಪ್‌ಟಾಪಲ್ಲಿ, ಸಿಐಯಲ್ಲಿ, ಪ್ರೊಡಕ್ಷನ್‌ನಲ್ಲಿ ಒಂದೇ ಡೇಟಾಬೇಸ್, ಒಂದೇ ಮೇಜರ್ ವರ್ಷನ್. ಡಾಕರ್ ಕಂಪೋಸ್‌ನಲ್ಲಿ ನಾಲ್ಕೈದು ಸಾಲು ಬರೆದರೆ ಆಯ್ತು. ‘ಲೇಟೆಸ್ಟ್’ ಅಂತ ಬರೀಬೇಡಿ, ವರ್ಷನ್ ನಂಬರ್ ಬರೀರಿ.

ಎರಡನೆಯದು, ಒಂದೇ ಕಮಾಂಡ್‌ನಲ್ಲಿ ಪ್ರಾಜೆಕ್ಟ್ ಏಳಬೇಕು. ಹೊಸಬರು ಸೇರಿದ ದಿನ ರೆಪೊ ಕ್ಲೋನ್ ಮಾಡಿ ‘ಮೇಕ್ ಸೆಟಪ್’ ಅಂತ ಹೊಡೆದರೆ ಡೇಟಾಬೇಸ್ ಏಳಬೇಕು, ಮೈಗ್ರೇಶನ್ ಓಡಬೇಕು, ಸ್ವಲ್ಪ ನಕಲಿ ಡೇಟಾ ತುಂಬಬೇಕು, ಟೆಸ್ಟ್ ಪಾಸಾಗಬೇಕು. ಹೊಸ ಊರಿಗೆ ಬಂದು, ಭಾಷೆ ಬರದೆ, ಟೀಮಲ್ಲಿ ಯಾರನ್ನ ಕೇಳೋದು ಅಂತ ಗೊತ್ತಾಗದೆ ಮೊದಲ ವಾರ ಸೆಟಪ್‌ನಲ್ಲೇ ಕಳೆದವರು ನಮ್ಮಲ್ಲಿ ಎಷ್ಟು ಜನ ಇದ್ದೀವಿ ಹೇಳಿ. ಕೇಳದೇನೇ ನಡೆಯೋ ಸೆಟಪ್ ಹೊಸಬರಿಗೆ ನಾವು ಕೊಡಬಹುದಾದ ದೊಡ್ಡ ಮರ್ಯಾದೆ.

ಮೂರು, ಲಾಕ್ ಫೈಲ್ ಗಿಟ್‌ನಲ್ಲಿ ಇರಲಿ. ನೋಡ್ ಪ್ರಾಜೆಕ್ಟ್ ಆದ್ರೆ ಸಿಐಯಲ್ಲಿ ‘ಎನ್‌ಪಿಎಂ ಇನ್‌ಸ್ಟಾಲ್’ ಬೇಡ, ‘ಎನ್‌ಪಿಎಂ ಸಿಐ’ ಬಳಸಿ. ಲಾಕ್ ಫೈಲಲ್ಲಿ ಇದ್ದದ್ದನ್ನೇ ಹಾಕುತ್ತೆ, ಹೊಂದಾಣಿಕೆ ಇಲ್ಲದಿದ್ರೆ ಎರರ್ ಕೊಟ್ಟು ನಿಲ್ಲುತ್ತೆ. ನಮಗೆ ಬೇಕಾಗಿರೋದೂ ಅದೇ, ಗಟ್ಟಿಯಾಗಿ ಕೂಗಿ ನಿಲ್ಲೋ ಟೂಲ್.

ನಾಲ್ಕು, ಮೈಗ್ರೇಶನ್. ಟೇಬಲ್ ಬದಲಾವಣೆ ಎಲ್ಲಾ ಫೈಲ್ ಆಗಿ ಗಿಟ್‌ನಲ್ಲಿ ಇರಬೇಕು. ಒಂದು ಸಲ ಓಡಿದ ಮೈಗ್ರೇಶನ್ ಫೈಲನ್ನ ತಿದ್ದಬೇಡಿ, ಹೊಸದು ಬರೀರಿ. ಪೋಸ್ಟ್‌ಗ್ರೆಸ್‌ನಲ್ಲಿ ಆಲ್ಟರ್ ಟೇಬಲ್‌ನಂಥದ್ದು ಟ್ರಾನ್ಸಾಕ್ಷನ್ ಒಳಗೇ ಓಡುತ್ತೆ, ಮಧ್ಯೆ ಫೇಲ್ ಆದ್ರೆ ಎಲ್ಲಾ ವಾಪಸ್. ಮೈಎಸ್‌ಕ್ಯೂಎಲ್‌ನಲ್ಲಿ ಅಂಥ ಪ್ರತಿ ಸ್ಟೇಟ್‌ಮೆಂಟೂ ತಾನೇ ಕಮಿಟ್ ಮಾಡಿಬಿಡುತ್ತೆ. ಹಾಗಾಗಿ ಅಲ್ಲಿ ಒಂದು ಫೈಲ್‌ಗೆ ಒಂದೇ ಬದಲಾವಣೆ ಇಡಿ, ಇಲ್ಲಾಂದ್ರೆ ಅರ್ಧ ದಾರಿಯಲ್ಲಿ ಸಿಕ್ಕಿಹಾಕ್ಕೊಳ್ತೀರಿ.

ಪೋಸ್ಟ್‌ಗ್ರೆಸ್‌ನಲ್ಲಿ ಮೈಗ್ರೇಶನ್‌ಗೆ ಲಾಕ್ ಟೈಮ್‌ಔಟ್ ಮರೀಬೇಡಿ. ಆಲ್ಟರ್ ಟೇಬಲ್‌ಗೆ ಸಾಮಾನ್ಯವಾಗಿ ಇಡೀ ಟೇಬಲ್ ಮೇಲೆ ಪೂರ್ತಿ ಲಾಕ್ ಬೇಕು. ಯಾವುದೋ ಉದ್ದದ ರಿಪೋರ್ಟ್ ಓಡ್ತಾ ಇದ್ರೆ ಅದು ಕಾಯುತ್ತೆ. ಅದು ಕಾಯ್ತಿರುವಾಗ ಅದರ ಹಿಂದೆ ಬಂದ ಸಾಮಾನ್ಯ ಸೆಲೆಕ್ಟ್‌ಗಳೂ ಸಾಲಲ್ಲಿ ನಿಲ್ತವೆ. ಟೋಲ್‌ನಲ್ಲಿ ಮುಂದಿನ ಲಾರಿಯ ಫಾಸ್ಟ್ಯಾಗ್ ಓದದೇ ಇದ್ರೆ ಹಿಂದಿನ ಕಾರು, ಬೈಕು, ಆಂಬುಲೆನ್ಸ್ ಎಲ್ಲಾ ನಿಲ್ಲೋ ಹಾಗೆ. ಎರಡು ಮೂರು ಸೆಕೆಂಡ್ ಲಾಕ್ ಟೈಮ್‌ಔಟ್ ಹಾಕಿದ್ರೆ ಮೈಗ್ರೇಶನ್ ಫೇಲ್ ಆಗುತ್ತೆ ಅಷ್ಟೇ, ಸೈಟ್ ನಿಲ್ಲಲ್ಲ. ಆಮೇಲೆ ಮತ್ತೆ ಪ್ರಯತ್ನಿಸಬಹುದು.

ಐದು, ನುಂಗೋದನ್ನ ಟೂಲೇ ಹಿಡೀಲಿ. ಪೈಥಾನ್‌ಗೆ ರಫ್ ಲಿಂಟರ್‌ನಲ್ಲಿ ಎಸ್110 ಅನ್ನೋ ನಿಯಮ ಇದೆ, ‘ಎಕ್ಸೆಪ್ಟ್’ ಕೆಳಗೆ ಬರೀ ‘ಪಾಸ್’ ಇದ್ದರೆ ಹಿಡಿಯುತ್ತೆ. ಜಾವಾಸ್ಕ್ರಿಪ್ಟ್‌ಗೆ ಇಎಸ್‌ಲಿಂಟ್‌ನಲ್ಲಿ ‘ನೋ ಎಂಪ್ಟಿ’ ಇದೆ. ಆದರೆ ಖಾಲಿ ಬ್ಲಾಕ್ ಒಳಗೆ ಒಂದು ಕಾಮೆಂಟ್ ಬರೆದರೆ ಅದು ಸುಮ್ಮನಾಗುತ್ತೆ, ಹಾಗಾಗಿ ಕೋಡ್ ರಿವ್ಯೂನಲ್ಲಿ ಕಣ್ಣಿರಲಿ. ಜೊತೆಗೆ ಎರರ್‌ಗೇ ಟೆಸ್ಟ್ ಬರೀರಿ. ಬೇಕಂತಲೇ ಡೂಪ್ಲಿಕೇಟ್ ಹಾಕಿ ಏನು ಬರುತ್ತೆ ನೋಡೋ ಟೆಸ್ಟ್ ಒಂದು, ಬೇಕಂತಲೇ ಡೆಡ್‌ಲಾಕ್ ಮಾಡಿಸೋ ಟೆಸ್ಟ್ ಒಂದು. ಎಲ್ಲಾ ಸರಿಯಾಗಿ ನಡೆದಾಗ ಏನಾಗುತ್ತೆ ಅನ್ನೋದನ್ನ ಡೆಮೊದಲ್ಲಿ ಎಲ್ಲರೂ ನೋಡಿರ್ತಾರೆ.

ಬ್ಯಾಕಪ್ ಇದೆ ಅಂದುಕೊಂಡಾಗ

ಇಷ್ಟೆಲ್ಲಾ ನಮ್ಮಂಥ ಸಣ್ಣ ಟೀಮ್‌ಗಳ ಕಥೆ ಅಂದುಕೋಬೇಡಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ಏನಾಯ್ತು ಅನ್ನೋದನ್ನ ಅವರೇ ವಿವರವಾಗಿ ಪ್ರಕಟಿಸಿದ್ದಾರೆ. ರಾತ್ರಿ ರೆಪ್ಲಿಕೇಶನ್ ತೊಂದರೆ ಸರಿಮಾಡ್ತಿದ್ದ ಇಂಜಿನಿಯರ್ ಎರಡನೇ ಸರ್ವರ್‌ನ ಡೇಟಾ ಡೈರೆಕ್ಟರಿ ಅಳಿಸೋಕೆ ಹೋಗಿ, ಮುಖ್ಯ ಸರ್ವರ್‌ನದ್ದನ್ನ ಅಳಿಸಿದರು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳಿದಿತ್ತು.

ಬ್ಯಾಕಪ್ ಇತ್ತಲ್ಲ? ಪ್ರತಿದಿನದ ಬ್ಯಾಕಪ್ ಇರಬೇಕಾದ ಜಾಗ ಖಾಲಿ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಬ್ಯಾಕಪ್ ತೆಗೆಯೋ ಟೂಲ್ ಓಡ್ತಿದ್ದದ್ದು 9.2. ವರ್ಷನ್ ಹೊಂದದೆ ಅದು ಎರರ್ ಕೊಟ್ಟು ನಿಲ್ತಾ ಇತ್ತು. ಆ ಎರರ್ ತಿಳಿಸೋ ಇಮೇಲ್‌ಗಳು ಸರಿಯಾದ ಡಿಮಾರ್ಕ್ ಸಹಿ ಇಲ್ಲ ಅಂತ ತಿರಸ್ಕಾರ ಆಗ್ತಿದ್ವು. ಅಂದ್ರೆ ಟೂಲ್ ಕೂಗ್ತಾನೇ ಇತ್ತು, ಯಾರ ಕಿವಿಗೂ ಬೀಳ್ತಿರಲಿಲ್ಲ. ಕೊನೆಗೆ ಕೈ ಹಿಡಿದದ್ದು ಸುಮಾರು ಆರು ಗಂಟೆ ಮೊದಲು ಬೇರೆ ಕೆಲಸಕ್ಕೆ ಅಂತ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್. ಆ ನಡುವಿನ ಡೇಟಾಬೇಸ್ ಬದಲಾವಣೆಗಳು ಹೋದವು.

ಇದರಿಂದ ಎರಡು ಕಲೀಬಹುದು. ಒಂದು, ರಿಸ್ಟೋರ್ ಮಾಡಿ ನೋಡದ ಬ್ಯಾಕಪ್ ಬ್ಯಾಕಪ್ ಅಲ್ಲ. ವಾರಕ್ಕೊಮ್ಮೆ ಒಂದು ಜಾಬ್ ಬ್ಯಾಕಪ್ ಅನ್ನ ಖಾಲಿ ಸರ್ವರ್‌ಗೆ ರಿಸ್ಟೋರ್ ಮಾಡಿ ಸಾಲು ಎಣಿಸಲಿ. ಫೇಲ್ ಆದಾಗ ಮೆಸೇಜ್ ಬರಲಿ ಅನ್ನೋದರ ಜೊತೆಗೆ, ‘ಇವತ್ತು ಯಶಸ್ವಿ’ ಅನ್ನೋ ಮೆಸೇಜ್ ಬರದೇ ಇದ್ರೂ ಅಲರ್ಟ್ ಆಗಲಿ. ಎರಡು, ಯಾವ ಸರ್ವರ್ ಮೇಲೆ ಕೂತಿದ್ದೀನಿ ಅಂತ ನಡುರಾತ್ರಿಯ ಕಣ್ಣಿಗೂ ಗೊತ್ತಾಗಬೇಕು. ಪ್ರೊಡಕ್ಷನ್ ಟರ್ಮಿನಲ್‌ನ ಪ್ರಾಂಪ್ಟ್ ಕೆಂಪು ಮಾಡಿ, ಐದು ನಿಮಿಷದ ಕೆಲಸ. ಗಿಟ್‌ಲ್ಯಾಬ್‌ನವರು ಘಟನೆ ನಂತರ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಪ್ರಾಂಪ್ಟ್ ಬದಲಾಯಿಸೋದೂ ಇತ್ತು.

ಅವರ ವರದಿಯಲ್ಲಿ ನನಗೆ ಹಿಡಿಸಿದ್ದು ಇನ್ನೊಂದು. ಕಮಾಂಡ್ ಹೊಡೆದವರ ಹೆಸರು ಅದರಲ್ಲಿಲ್ಲ. ಒಬ್ಬರ ಬೆರಳು ತಪ್ಪಿದ್ರೆ ಇಷ್ಟಾಗೋಕೆ ನಮ್ಮ ವ್ಯವಸ್ಥೆ ಯಾಕೆ ಬಿಡ್ತು ಅಂತ ಕೇಳ್ಕೊಂಡಿದ್ದಾರೆ.

ಆ ಹುಡುಗ

ನಮ್ಮಲ್ಲಿ ಹಾಗೆ ಕೇಳಿರಲಿಲ್ಲ. ರಾತ್ರಿ ಒಂದೂವರೆಗೆ ನನಗೆ ಕಾರಣ ಪೂರ್ತಿ ಗೊತ್ತಾಯ್ತು. ಮಂಗಳವಾರ ಬೆಳಿಗ್ಗೆಯೇ ಹೇಳಬೇಕಿತ್ತು. ಹೇಳಲಿಲ್ಲ. ಸುಮ್ಮನೆ ಕೋಡ್ ಸರಿಮಾಡಿ ಹಾಕಿಬಿಡೋಣ, ಆಮೇಲೆ ಹೇಳೋಣ ಅಂತ ಒಂದು ದಿನ ತಳ್ಳಿದೆ. ನನ್ನದೂ ಅಪ್ರೈಸಲ್ ಸಮಯ. ಕೋಡ್‌ನಲ್ಲಿ ಬರೆದ ‘ಪಾಸ್’ ಅನ್ನೇ ಬಾಯಲ್ಲೂ ಹೇಳಿದ ಹಾಗಾಯ್ತು. ಸರಿಮಾಡಿದ ಕೋಡ್‌ನ ಪರೀಕ್ಷೆಗೆ ಅಂತ ಬುಧವಾರ ಆ 37 ಹೆಸರಿನ ಪಟ್ಟಿ ತೆರೆದೆ. ಯಾದಗಿರಿ, ಕಲಬುರಗಿ ಕಡೆಯ ಹೆಸರುಗಳೇ ಹೆಚ್ಚು. ಅಲ್ಲಿಯವರೆಗೆ ಅವು ನನಗೆ ಸಾಲುಗಳಾಗಿದ್ವು. ಅವರೂ ನನ್ನ ಹಾಗೆ ಊರು ಬಿಟ್ಟು ಬಂದವರು. ನನ್ನ ಸಂಬಳ ಒಂದು ದಿನ ತಡ ಆದ್ರೆ ನಾನು ಎಚ್ಆರ್‌ಗೆ ಮೇಲ್ ಹಾಕ್ತೀನಿ, ಅವರು ಯಾರಿಗೆ ಹಾಕಬೇಕು?

ಅವತ್ತೇ ಮ್ಯಾನೇಜರ್‌ಗೆ ಹೇಳಿದೆ, ಟೀಮಿಗೂ ಹೇಳಿದೆ. ಮುಂದಿನ ಬಟವಾಡೆಯಲ್ಲಿ ಓಟಿ ಸೇರಿಸಿ ಕೊಟ್ರು. ಆದರೆ ಹುಡುಗನ ಪ್ರೊಬೇಷನ್ ಮೂರು ತಿಂಗಳು ಮುಂದೆ ಹಾಕೋ ಲೆಟರ್ ಮಂಗಳವಾರವೇ ಹೋಗಿತ್ತು. ನಾನು ಮ್ಯಾನೇಜರ್ ಮುಂದೆ ಎಷ್ಟು ಹೇಳಿದ್ರೂ ಅದನ್ನ ವಾಪಸ್ ತಗೊಳ್ಳಲಿಲ್ಲ. ‘ಪ್ರೊಸೆಸ್’ ಅಂದ್ರು. ನಾನು ಅವನ ಹತ್ರ ಹೋಗಿ ತಪ್ಪಾಯ್ತು ಅಂದೆ. ‘ಹೋಗ್ಲಿ ಬಿಡ್ರಿ ಸರ, ಆ ಮಂದಿ ರೊಕ್ಕ ಬಂತಲ್ರಿ’ ಅಂದ. ಅವನು ಹೊಟ್ಟೆಗೆ ಹಾಕ್ಕೊಂಡ. ನನಗೆ ಇವತ್ತಿಗೂ ಅರಗಿಲ್ಲ.

ಸೋಮವಾರ ಆಫೀಸಿಗೆ ಹೋದಾಗ ಮೂರೇ ಕೆಲಸ ಮಾಡಿ. ನಿಮ್ಮ ರೆಪೊದಲ್ಲಿ ಖಾಲಿ ಕ್ಯಾಚ್ ಬ್ಲಾಕ್‌ಗಳನ್ನ ಹುಡುಕಿ, ಎಷ್ಟಿವೆ ಎಣಿಸಿ. ನಿಮ್ಮ ಲ್ಯಾಪ್‌ಟಾಪಿನ ಡೇಟಾಬೇಸ್ ವರ್ಷನ್ ಮತ್ತು ಪ್ರೊಡಕ್ಷನ್ ವರ್ಷನ್ ಒಂದೇನಾ ನೋಡಿ. ಕೊನೇ ಸಲ ಬ್ಯಾಕಪ್ ರಿಸ್ಟೋರ್ ಮಾಡಿ ನೋಡಿದ್ದು ಯಾವಾಗ ಅಂತ ಟೀಮಲ್ಲಿ ಕೇಳಿ.

ಮತ್ತೆ ಯಾರಾದರೂ ಜೂನಿಯರ್ ಸ್ಕ್ರೀನ್‌ಶಾಟ್ ಹಿಡ್ಕೊಂಡು ನಿಮ್ಮ ಡೆಸ್ಕ್ ಹತ್ರ ಬಂದ್ರೆ, ‘ಲಾಗ್ ಕ್ಲೀನ್ ಇದೆ’ ಅನ್ನೋ ಮೊದಲು ಡೇಟಾಬೇಸ್‌ನ ಲಾಗ್ ಒಂದು ಸಲ ತೆಗೆದು ನೋಡಿ.